ಪೆಟ್ಟಿಗೆಯೊಳಗಿನ ಬೆಟ್ಟದ ದಾರಿ

ಬಸ್ಸಿನ ಮೆಟ್ಟಿಲಿಳಿಯುವಾಗ ಕಾಲು ಹೊರಳಿ, ಪಾದದ ಗಂಟಿನ ಮೂಳೆ ಮುರಿದುಕೊಂಡು ಅಪ್ಪ ಮನೆಗೆ ಬಂದಾಗ ಅಜ್ಜಿ ಮೊದಲು ಕೇಳಿದ್ದು, "ಬಸ್ಸು ಓಡ್ತಿತ್ತೋ ನಿಂತಿತ್ತೋ?" ಎಂದು.

"ನಿಂತಿತ್ತಮ್ಮ."

"ಇಷ್ಟು ವರ್ಷ ಓಡೋ ಬಸ್ಸಲ್ಲಿ ಕೂತೋನಿಗೆ ಏನೂ ಆಗಲಿಲ್ಲ. ನಿಂತ ಬಸ್ಸಿಂದ ಬಿದ್ದು ಬಂದೆಯಲ್ಲೋ!"

ಅಪ್ಪನಿಗೆ ನಗು ಬರಲಿಲ್ಲ. ಮೊಣಕಾಲಿನವರೆಗೂ ಪ್ಲಾಸ್ಟರ್ ಹಾಕಿದ್ದರು. ಅಪ್ಪ ಬಸ್ ಡ್ರೈವರು, ಡಿಪೋದಲ್ಲಿ ಅವನಿಗೆ ನಿಧಾನಪ್ಪ ಎಂದು ಅಡ್ಡಹೆಸರು. ಹಿಂದಿನ ಗಾಡಿಯವನು ಎಷ್ಟು ಹಾರ್ನ್ ಹೊಡೆದರೂ ತನ್ನ ವೇಗ ಬದಲಿಸಿದವನಲ್ಲ. ಆದರೆ ಮನೆಯಲ್ಲಿ ಸುಮ್ಮನೆ ಕೂರುವ ತಾಳ್ಮೆ ಮಾತ್ರ ಅವನಲ್ಲಿ ಇರಲಿಲ್ಲ. ಎರಡೇ ದಿನಕ್ಕೆ ನಲ್ಲಿ ಸೋರುತ್ತಿದೆ ಎಂದ, ಬಾಗಿಲು ಕಿರುಗುಟ್ಟುತ್ತಿದೆ ಎಂದ, ಪಕ್ಕದ ಮನೆಯವರು ಜೋರಾಗಿ ಕೆಮ್ಮುತ್ತಾರೆ ಎಂದ. ಅಮ್ಮ ಹೋಟೆಲುಗಳ ಹಾಸಿಗೆಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು. ಅಪ್ಪನಿಗೆ ರಜೆಯಲ್ಲಿ ಅರ್ಧ ಸಂಬಳವೇ ಬರುವುದೆಂದು ತಿಳಿದ ಮೇಲೆ ಸಂಜೆಯ ಪಾಳಿಯನ್ನೂ ಒಪ್ಪಿಕೊಂಡು ಬಂದಳು.

"ಕೂತಲ್ಲೇ ತರಕಾರಿ ಹೆಚ್ಚಿಡಿ, ಅಷ್ಟು ಸಾಕು," ಎಂದಳು ಗಂಡನಿಗೆ. "ಅತ್ತೆ ಒಲೆ ಮೇಲೆ ಇಡ್ತಾರೆ. ನಾನು ಬಂದು ಉಳಿದದ್ದು ನೋಡ್ಕೋತೀನಿ."

ಆಟವನ್ನು ಮನೆಗೆ ತಂದವಳು ಮಗಳು. ಅವಳು ವಿಡಿಯೋ ಗೇಮ್ ಮಾಡುವ ಕಂಪನಿಯ ದೂರು ವಿಭಾಗದಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ, ಇನ್ನೂ ಕಾಯಂ ಆಗಿರಲಿಲ್ಲ. ಕಂಪನಿಯ ಹೊಸ ಆಟವೊಂದು ನೌಕರರಿಗೆ ಪುಕ್ಕಟೆ ಸಿಕ್ಕಿತ್ತು. ಅದರಲ್ಲಿ ಬಸ್ಸು ಓಡಿಸಬೇಕು. ಗೆಳತಿಯಿಂದ ಹಳೆಯದೊಂದು ಗೇಮ್ ಯಂತ್ರ ಇಸಿದುಕೊಂಡು ಬಂದು ಟಿವಿಗೆ ಸಿಕ್ಕಿಸಿದಳು. ಅಪ್ಪನ ಕೈಗೆ ಗುಂಡಿಗಳಿರುವ ಹಿಡಿಕೆ ಕೊಟ್ಟಳು. ಆಟಗಾರನ ಹೆಸರು ಕೇಳಿದಾಗ ಅಜ್ಜಿಯೇ, "ನಿಧಾನಪ್ಪ ಅಂತ ಹಾಕು, ಇನ್ನೇನು," ಎಂದಳು.

ಮೊದಲ ವಾರ ಎಲ್ಲರೂ ನಕ್ಕದ್ದೇ ನಕ್ಕದ್ದು, ಮನೆಯಲ್ಲಿ ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ಅಪ್ಪ ಪರದೆಯ ಮೇಲಿನ ಬಸ್ಸನ್ನೂ ತನ್ನ ಬಸ್ಸಿನಂತೆಯೇ ಓಡಿಸಿದ. ತಿರುವಿಗೆ ಮೊದಲು ಸೂಚನಾ ದೀಪ ಹಾಕುತ್ತಿದ್ದ, ಮುದುಕರು ಹತ್ತಿ ಕೂರುವವರೆಗೂ ಬಾಗಿಲು ಮುಚ್ಚುತ್ತಿರಲಿಲ್ಲ. ಅಜ್ಜಿ ಹಿಂದೆ ಕುರ್ಚಿ ಹಾಕಿಕೊಂಡು ಪ್ರಯಾಣಿಕಳಂತೆ ಕೂತು, "ನಾನು ಟಿಕೆಟ್ ತಗೊಂಡಿಲ್ಲ ಕಣೋ, ಯಾರಿಗೂ ಹೇಳ್ಬೇಡ," ಎನ್ನುತ್ತಿದ್ದಳು. ಅಮ್ಮ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಲೇ, "ಈವತ್ತು ಯಾವ ಊರು ಮುಟ್ಟಿದಿರಿ?" ಎಂದು ಕೇಳುತ್ತಿದ್ದಳು.

ಊರುಗಳೆಲ್ಲ ಮುಗಿದವು. ಉಳಿದದ್ದು ಬೆಟ್ಟದ ದಾರಿ. ಆಟದ ಮುಖಚಿತ್ರದಲ್ಲಿ ಇದ್ದದ್ದೇ ಅದು. ಮಂಜು, ಹಾವಿನಂತೆ ಹೊರಳುವ ರಸ್ತೆ, ಅಂಚಿನಲ್ಲಿ ಹೋಗುವ ಕೆಂಪು ಬಸ್ಸು. ಅಪ್ಪ ಅದರ ಮೇಲೆ ಒತ್ತಿದರೆ ಬೀಗದ ಗುರುತು ಬಂತು.

"ಇದು ಯಾಕೆ ತೆಗೀತಿಲ್ಲ?" ಎಂದು ಸಂಜೆ ಮಗಳನ್ನು ಕೇಳಿದ.

"ಅದು ಪೆಟ್ಟಿಗೇಲಿ ಬರುತ್ತೆ ಅಪ್ಪ."

"ಯಾವ ಪೆಟ್ಟಿಗೆ?"

"ಒಂದು ಊರು ಮುಗಿಸಿದಾಗ ಬಣ್ಣದ ಪೆಟ್ಟಿಗೆ ಕೊಡ್ತಾರಲ್ಲ, ಅದೇ. ಒಂದೊಂದ್ಸಲ ಒಂದೊಂದು ಬರುತ್ತೆ."

"ನಂಗೆ ಈವರೆಗೆ ಬಂದದ್ದು ಮೂರು ಟೋಪಿ, ಕಿಟಕಿ ಪರದೆ, ಮತ್ತೆ ಬಾತುಕೋಳಿ ಥರ ಕೂಗೋ ಹಾರ್ನು. ಬಸ್ಸಿಗೆ ಯಾಕೆ ಬಾತುಕೋಳಿ ಹಾರ್ನು?"

"ಇನ್ನೂ ಪೆಟ್ಟಿಗೆ ಬೇಕಾದ್ರೆ ಕೊಂಡ್ಕೋಬೇಕಾಗುತ್ತೆ," ಎಂದ ಮಗಳು ತಕ್ಷಣ, "ಆದ್ರೆ ಕೊಳ್ಬೇಡ," ಎಂದು ಸೇರಿಸಿದಳು.

ಅಪ್ಪ ಹಿಡಿಕೆ ಕೆಳಗಿಟ್ಟ. "ಇದೆಂಥ ನ್ಯಾಯ? ಎಲ್ಲೂ ಒಂದು ಗೀರು ಬೀಳದ ಹಾಗೆ ಓಡ್ಸಿದ್ದೀನಿ. ಕಷ್ಟದ ಪರೀಕ್ಷೆ ಇಡ್ಲಿ, ಫೇಲಾದ್ರೆ ಬೇಡ. ಡ್ರೈವಿಂಗ್ ಲೈಸೆನ್ಸನ್ನ ಯಾರಾದ್ರೂ ಚೀಟಿ ಎತ್ತಿ ಕೊಡ್ತಾರಾ?"

"ನಾನೇನು ಮಾಡ್ಲಿ ಅಪ್ಪ? ನಾನು ಆಟ ಮಾಡೋಳಲ್ಲ, ಬೈಗುಳ ಓದೋಳು."

ಅಂದು ಮಾತು ಅಲ್ಲಿಗೇ ನಿಂತಿತು. ಅಪ್ಪ ಮಾತ್ರ ನಿಲ್ಲಲಿಲ್ಲ. ಒಂದೇ ಒಂದು ಸಲ ಕೊಂಡು ನೋಡೋಣವೆಂದು ಮರುದಿನ ಅಡುಗೆಮನೆಯ ಕಪಾಟಿನಿಂದ ಅಮ್ಮನ ಬ್ಯಾಂಕ್ ಕಾರ್ಡ್ ತೆಗೆದು ಅದರ ಸಂಖ್ಯೆ ಒತ್ತಿದ. ಯಂತ್ರ ಆ ಸಂಖ್ಯೆಯನ್ನು ನೆನಪಿಟ್ಟುಕೊಂಡಿತು. ಆಮೇಲೆ ಕಪಾಟಿನ ತಂಟೆಗೆ ಹೋಗಬೇಕಾಗಲಿಲ್ಲ, ಒಂದು ಗುಂಡಿ ಒತ್ತಿದರೆ ಸಾಕಿತ್ತು.

ಅಮ್ಮನಿಗೆ ಬಲಗಡೆಯ ದವಡೆ ಹಲ್ಲು ನೋಯುತ್ತಿತ್ತು. ದಂತವೈದ್ಯರು ಎಕ್ಸ್‌ರೇ ನೋಡಿ, ಬೇರಿನ ತನಕ ಹುಳುಕಾಗಿದೆ, ತೆಗೆದು ಹೊಸದು ಕೂರಿಸಬೇಕು ಎಂದಿದ್ದರು. ಅದಕ್ಕೆಂದೇ ಅವಳು ಸಂಜೆ ಪಾಳಿಯ ಸಂಬಳವನ್ನು ಆ ಕಾರ್ಡಿನ ಖಾತೆಯಲ್ಲೇ ಮುಟ್ಟದೆ ಇಟ್ಟಿದ್ದಳು. ಊಟಕ್ಕೆ ಕೂತರೆ ಎಡಗಡೆಯಲ್ಲೇ ಅಗಿಯುತ್ತಿದ್ದಳು. ಒಂದು ದಿನ ಕೆಲಸದಿಂದ ಬಂದು ನೋಡುತ್ತಾಳೆ, ಆಲೂಗಡ್ಡೆ ಬುಟ್ಟಿಯಲ್ಲಿ ಸಿಪ್ಪೆ ಸಮೇತ ಹಾಗೇ ಕೂತಿದೆ.

"ಏನ್ರೀ ಇದು? ಬೆಳಗ್ಗೆ ಇಟ್ಟಲ್ಲೇ ಇದೆ!"

"ಒಂದು ನಿಮಿಷ, ಈ ಪೆಟ್ಟಿಗೆ ಒಂದು..."

"ಪೆಟ್ಟಿಗೆ ಬೇಯ್ಸಿ ಹಾಕ್ಲಾ ರಾತ್ರಿ ಊಟಕ್ಕೆ?"

"ನಂಗೂ ಅದೇ ಗತಿ," ಎಂದಳು ಅಜ್ಜಿ ಮೂಲೆಯಿಂದ. "ನನ್ನ ಧಾರಾವಾಹಿ ನೋಡಿ ಎಷ್ಟು ದಿನ ಆಯ್ತು! ಆ ಹುಡುಗಿ ಮದುವೆ ಆದ್ಲೋ ಬಿಟ್ಲೋ ಅದೂ ಗೊತ್ತಿಲ್ಲ. ಟಿವಿ ಮುಂದೆ ಹೋದ್ರೆ ನಿನ್ನ ಗಂಡ ರಸ್ತೆಗೆ ಅಡ್ಡ ಬಂದ ಎಮ್ಮೇನ ನೋಡೋ ಹಾಗೆ ನೋಡ್ತಾನೆ."

ಅಂದು ಬ್ರೆಡ್ಡು ಮೊಟ್ಟೆಯಲ್ಲಿ ಊಟ ಮುಗಿಯಿತು. ಅಮ್ಮ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ನುಂಗಿದಳು. ಅಪ್ಪ ತಟ್ಟೆಯಿಂದ ತಲೆಯೆತ್ತದೆ, "ನಿಮ್ಮ ಕಂಪನಿಗೆ ಒಂದು ಮಾತು ಹೇಳಕ್ಕಾಗಲ್ವಾ?" ಎಂದು ಮಗಳನ್ನು ಕೇಳಿದ.

"ನಾನು ಹೇಳಿದ್ರೆ ಯಾರೂ ಕೇಳಲ್ಲ. ಆಟ ಆಡೋರು ದೂರು ಕೊಟ್ರೆ ಅದು ಲೆಕ್ಕಕ್ಕೆ ಬರುತ್ತೆ," ಎಂದುಬಿಟ್ಟಳು ಮಗಳು. ಅವನನ್ನು ಸುಮ್ಮನಾಗಿಸಲು ಆಡಿದ ಮಾತದು.

ದೂರು ವಿಭಾಗ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲದ ಉದ್ದ ಕೋಣೆ, ಸಾಲಾಗಿ ಕಂಪ್ಯೂಟರು, ಕಾಫಿ ಯಂತ್ರದ ಪಕ್ಕ ಒಣಗಿದ ಗಿಡದ ಕುಂಡ. ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಪೆಟ್ಟಿಗೆಯದ್ದೇ. ಕಾಸು ಕೊಟ್ಟು ಆಟ ಕೊಂಡ ಮೇಲೂ ಅರ್ಧ ಆಟಕ್ಕೆ ಬೀಗ ಯಾಕೆ? ಬಂದದ್ದೇ ಮತ್ತೆ ಮತ್ತೆ ಬರುವುದು ಯಾಕೆ? ಇದು ಆಟವೋ ಜೂಜೋ? ಅವಕ್ಕೆಲ್ಲ ಒಂದೇ ಉತ್ತರವಾಗಿ ಹೋಗುತ್ತಿದ್ದ ಮಾದರಿ ಪತ್ರವನ್ನು ಬರೆದವಳು ಮಗಳೇ. ಹಿಂದಿನ ಒಣ ಉತ್ತರ ಓದಿ ಜನ ಇನ್ನಷ್ಟು ರೇಗುತ್ತಿದ್ದರು. ಅವಳ ಉತ್ತರ ಓದಿದವರಲ್ಲಿ ಹೆಚ್ಚಿನವರು ಎರಡನೆಯ ಸಲ ಬರೆಯುತ್ತಿರಲಿಲ್ಲ. ಮೇಲ್ವಿಚಾರಕಿ ಎಲ್ಲರೆದುರು ಅವಳ ಬೆನ್ನು ತಟ್ಟಿ, "ನಿನ್ನ ಕೈಯಲ್ಲಿ ಜೇನಿದೆ," ಎಂದಿದ್ದಳು. 'ಅದೃಷ್ಟ' ಎಂಬ ಪದ ಎಲ್ಲೂ ಬರಕೂಡದು, 'ಅಚ್ಚರಿ' ಎನ್ನಬೇಕು ಎಂಬುದೊಂದು ಕಟ್ಟಪ್ಪಣೆ.

ಇತ್ತ ಅಪ್ಪ ನಿಜಕ್ಕೂ ದೂರು ಬರೆಯಲು ಕೂತ. ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಇಡೀ ಮಧ್ಯಾಹ್ನ ಬರೆದ. ಅಜ್ಜಿ ಪಕ್ಕದಲ್ಲಿ ಕೂತು ಓದಿಸಿಕೊಂಡು, "ಮರ್ಯಾದೆ ಜಾಸ್ತಿ ಆಯ್ತು, ಸ್ವಲ್ಪ ಕಡಿಮೆ ಮಾಡು," ಎಂದಳು. ಕೊನೆಗೆ ತನ್ನದೂ ಒಂದು ಸಾಲು ಸೇರಿಸಿದಳು.

ಮೂರನೆಯ ದಿನ ಆ ದೂರು ಮಗಳ ಪರದೆಯ ಮೇಲೆ ಬಂದು ನಿಂತಿತು. ನಿಧಾನಪ್ಪ ಎಂಬ ಹೆಸರು ಕಂಡು ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ಮಾನ್ಯರೇ, ನಾನು ವೃತ್ತಿಯಲ್ಲಿ ಚಾಲಕ. ನಿಮ್ಮ ಆಟದ ಎಲ್ಲಾ ಊರಿಗೂ ಅಪಘಾತವಿಲ್ಲದೆ ಬಸ್ಸು ಓಡಿಸಿದ್ದೇನೆ. ಬೆಟ್ಟದ ದಾರಿಯ ಚಿತ್ರವನ್ನು ಹೊರಗೆ ಅಂಟಿಸಿ ಒಳಗೆ ಬೀಗ ಹಾಕಿದ್ದೀರಿ. ಓಡಿಸಿ ಗೆಲ್ಲಲು ನಾನು ತಯಾರು. ಗೆಲ್ಲುವ ದಾರಿಯನ್ನು ತೋರಿಸಿ. ನಾಲ್ಕನೇ ಬಾತುಕೋಳಿ ಹಾರ್ನು ನನಗೆ ಬೇಡ. ನನ್ನ ತಾಯಿ ಹೇಳುವುದು: ನಮ್ಮ ಮನೆಯ ಧಾರಾವಾಹಿಯನ್ನೂ ನೀವು ನುಂಗಿದ್ದೀರಿ."

ಮಗಳಿಗೆ ನಗು ಬಂತು. ಆಮೇಲೆ, ಊರೆಲ್ಲ ಮುಗಿದ ಮೇಲೂ ನಾಲ್ಕನೇ ಹಾರ್ನು ಎಂದರೆ ಅಪ್ಪ ಪೆಟ್ಟಿಗೆ ಕೊಳ್ಳುತ್ತಿದ್ದಾನೆ ಎಂದು ಹೊಳೆಯಿತು. ಏನಾದರೂ ಬೇರೆ ಬರೆಯಲೇ ಎಂದುಕೊಳ್ಳುವಷ್ಟರಲ್ಲಿ ಮೇಲ್ವಿಚಾರಕಿ ಹಿಂದೆ ಬಂದು ನಿಂತಳು. "ಉದ್ದ ಇದೆಯಾ? ಮಾದರಿ ಕಳ್ಸಿ ಮುಂದೆ ಹೋಗು. ಈ ತಿಂಗಳ ಕೊನೆಗೆ ನಿನ್ನ ಕಾಯಂ ವಿಷಯ ಬರ್ತಿದೆ, ನೆನಪಿರ್ಲಿ." ಮಗಳು ಮಾದರಿ ಕಳಿಸಿದಳು.

ಸಂಜೆ ಊಟಕ್ಕೆ ಕೂತಾಗ ಅಪ್ಪ ಫೋನ್ ಹಿಡಿದುಕೊಂಡೇ ಬಂದ. "ಕೇಳಿ, ದೊಡ್ಡ ಮನುಷ್ಯರ ಉತ್ತರ ಬಂದಿದೆ," ಎಂದು ಗಂಟಲು ಸರಿಮಾಡಿಕೊಂಡು ಓದಿದ: "'ಪ್ರೀತಿಯ ಗೆಳೆಯರೇ, ನಿಮ್ಮ ಬೇಸರ ನಮ್ಮ ಬೇಸರವೂ ಹೌದು. ಪ್ರತಿ ಪೆಟ್ಟಿಗೆಯೂ ನಿಮಗಾಗಿಯೇ ಕಟ್ಟಿದ ಒಂದು ಅಚ್ಚರಿ. ಮುಂದಿನ ಅಚ್ಚರಿ ನೀವು ಕಾಯುತ್ತಿರುವುದೇ ಆಗಿರಬಹುದು.' ಕೇಳಿದೆಯೇನೇ? ನಾನು ಏನು ಕೇಳ್ದೆ, ಇವ್ರು ಏನು ಹೇಳ್ತಾರೆ!"

"ಬರ್ದೋರು ಭಾರಿ ಬೆಣ್ಣೆ ಮಾತಿನೋರು," ಎಂದಳು ಅಜ್ಜಿ. "ಇಂಥೋರ ಕೈಗೆ ಸಿಕ್ಕಿದ್ರೆ ಮನೆ ಮಾರಿಸಿ ಕೈಗೆ ಹೂವು ಕೊಟ್ಟು ಕಳಿಸ್ತಾರೆ."

"ನಿಮ್ಮ ಆಫೀಸಿನವ್ರೇ ಅಲ್ವೇನೆ? ಯಾರಿದು ಗೊತ್ತಾ?" ಎಂದು ಅಮ್ಮ ಕೇಳಿದಳು.

"ತುಂಬಾ ಜನ ಇದ್ದಾರಮ್ಮ," ಎಂದ ಮಗಳು ಸೂಪಿನಲ್ಲಿ ಚಮಚ ಆಡಿಸುತ್ತ ಕೂತಳು. ಆಮೇಲೆ, "ಅಪ್ಪ, ನೀನು ಪೆಟ್ಟಿಗೆ ಕೊಂಡ್ಕೋತಿಲ್ಲ ತಾನೇ?" ಎಂದಳು.

"ಛೇ, ಛೇ," ಎಂದ ಅಪ್ಪ. ಅವಳು ಮತ್ತೆ ಕೆದಕಲಿಲ್ಲ. ಕೆದಕಿದರೆ ತನ್ನದೂ ಹೊರಗೆ ಬೀಳುತ್ತಿತ್ತು.

ಮುಂದಿನ ವಾರ ಅಮ್ಮ ಅರ್ಧ ದಿನ ರಜೆ ಹಾಕಿ ಹಲ್ಲು ತೆಗೆಸಲು ಹೋದಳು. ಅಲ್ಲಿ ಮೊದಲೇ ಹಣ ಕಟ್ಟಬೇಕು. ಕೌಂಟರಿನ ಹುಡುಗಿ ಕಾರ್ಡನ್ನು ಒಂದು ಸಲ ಉಜ್ಜಿದಳು, ಇನ್ನೊಂದು ಸಲ ಉಜ್ಜಿದಳು. ಹಿಂದೆ ನಿಂತವರಿಗೂ ಕೇಳಿಸುವ ಹಾಗೆ, "ಇದರಲ್ಲಿ ಅಷ್ಟು ಇಲ್ಲಮ್ಮ," ಎಂದಳು.

"ಸರಿಯಾಗಿ ನೋಡಿ. ಹಲ್ಲಿಗೇ ಅಂತ ಇಟ್ಟಿರೋದು."

"ನೋಡ್ದೆ ಅಮ್ಮ. ಸ್ವಲ್ಪ ಪಕ್ಕಕ್ಕೆ ನಿಂತ್ಕೋತೀರಾ? ಹಿಂದಿನವ್ರು ಬರ್ಲಿ."

ಪಕ್ಕಕ್ಕೆ ನಿಂತು ಅವಳು ಬ್ಯಾಂಕಿಗೆ ಫೋನ್ ಮಾಡಿದಳು. ಅಲ್ಲಿಯವನು ಹಣ ಎಲ್ಲಿಗೆ ಹೋಗಿದೆಯೆಂದು ಹೇಳಿದ. ಮಗಳ ಕಂಪನಿಯ ಹೆಸರನ್ನೇ ಮತ್ತೆ ಮತ್ತೆ ಓದಿದ. ಸಾಕು ನಿಲ್ಲಿಸಿ ಎನ್ನುವವರೆಗೂ ಓದಿದ.

ಮನೆಗೆ ಬಂದವಳು ಚಪ್ಪಲಿ ಬಿಡಲಿಲ್ಲ. ನೇರ ಟಿವಿಯ ಮುಂದೆ ಹೋಗಿ ನಿಂತಳು.

"ನನ್ನ ಹಲ್ಲೆಲ್ಲಿ?"

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹಿಡಿಕೆ ಮಡಿಲಿಂದ ಜಾರಿತು. "ಕೇಳು... ಇನ್ನೊಂದೇ ಸಲ, ಇನ್ನೊಂದೇ ಸಲ ಅಂತ... ಬಂದ್ಬಿಡುತ್ತೆ ಅಂದ್ಕೊಂಡೆ."

"ನಾನು ಬಿಸಿ ಇಸ್ತ್ರಿ ಮುಂದೆ ಕೆನ್ನೆ ಹಿಡ್ಕೊಂಡು ನಿಲ್ತೀನಿ. ನೀವು ಇಲ್ಲಿ ಬಾತುಕೋಳಿ ಕೊಂಡ್ಕೊಳ್ತೀರಾ? ಕೌಂಟರಲ್ಲಿ ಕಳ್ಳಿ ಥರ ಪಕ್ಕಕ್ಕೆ ನಿಲ್ಸಿದ್ರು ನನ್ನ!"

"ತಪ್ಪಾಯ್ತು."

"ತಪ್ಪಾಯ್ತು ಅನ್ನೋದನ್ನ ಅಗಿಯಕ್ಕಾಗುತ್ತಾ?"

ಅಷ್ಟರಲ್ಲಿ ಮಗಳು ಒಳಗೆ ಬಂದಳು. ಅಮ್ಮ ಅವಳತ್ತ ತಿರುಗಿದಳು. "ಬಂದ್ಲು ನೋಡಿ, ಮನೆಗೆ ಮಾರಿ ತಂದೋಳು. ಅದ್ರಲ್ಲಿ ಏನಿದೆ ಅಂತ ನಿಂಗೆ ಗೊತ್ತಿತ್ತು. ದಿನಾ ಅದೇ ಓದ್ತೀಯ. ಗೊತ್ತಿದ್ದೂ ತಂದೆ."

"ಕೊಳ್ಬೇಡ ಅಂತ ಹೇಳಿದ್ದೆ ಅಮ್ಮ."

"ಹೇಳಿ ಕೈ ತೊಳ್ಕೊಂಡೆ!"

ಅಜ್ಜಿ ಇಬ್ಬರ ನಡುವೆ ನೀರಿನ ಲೋಟ ಹಿಡಿದು ಬಂದಳು. ಅಮ್ಮ ಲೋಟ ತೆಗೆದುಕೊಳ್ಳಲಿಲ್ಲ, ಒಳಗೆ ಹೋಗಿ ಗೋಡೆಗೆ ಮುಖಮಾಡಿ ಮಲಗಿದಳು. ಅಂದಿನ ಅಡುಗೆ ಅಪ್ಪನದು. ಊರುಗೋಲು ಕಂಕುಳಲ್ಲಿಟ್ಟು, ಒಂಟಿ ಕಾಲಲ್ಲಿ ನಿಂತು ಅನ್ನ ಮಾಡಿದ. ಅನ್ನ ತಳ ಹಿಡಿಯಿತು. ಆಮೇಲಿನ ಕೆಲವು ದಿನ ಮನೆಯಲ್ಲಿ ಪಾತ್ರೆಗಳ ಸದ್ದೇ ಹೆಚ್ಚು. ಅಜ್ಜಿಗೆ ಟಿವಿ ವಾಪಸು ಸಿಕ್ಕಿತ್ತು, ಆದರೆ ಧಾರಾವಾಹಿ ಹಾಕಲು ಅವಳಿಗೂ ಮನಸ್ಸಾಗಲಿಲ್ಲ.

ಅಪ್ಪ ಮತ್ತೊಂದು ದೂರು ಬರೆದ. ಈ ಸಲ ಅಜ್ಜಿಗೆ ಓದಿ ಹೇಳಲಿಲ್ಲ. ಅದು ಸಾಲಿನಲ್ಲಿ ಬಂದು ಸೇರಿದ್ದನ್ನು ಮಗಳೇ ಹುಡುಕಿ ತೆಗೆದಳು. "ಬೆಟ್ಟದ ದಾರಿ ಬೇಡ. ನಾನು ತೆಗೆದುಕೊಂಡದ್ದು ನನ್ನ ಹೆಂಡತಿಯ ಹಣ. ಅವಳು ನೋವಿನಲ್ಲಿದ್ದಾಳೆ. ಆ ಹಣ ವಾಪಸು ಕೊಡುತ್ತೀರಾ? ಅಚ್ಚರಿಯ ಮಾತು ಬೇಡ, ಹೌದು ಅಥವಾ ಇಲ್ಲ ಅಂತ ಹೇಳಿ," ಎಂದಿತ್ತು.

ಮಗಳು ಮಾದರಿಯನ್ನು ಅಳಿಸಿದಳು. ತನಗೆ ಗೊತ್ತಿದ್ದದ್ದನ್ನೆಲ್ಲ ಬರೆದಳು. ಬೆಟ್ಟದ ದಾರಿ ಎಷ್ಟು ಅಪರೂಪಕ್ಕೆ ಬರುವಂತೆ ಇಟ್ಟಿದ್ದಾರೆಂದರೆ, ನೂರಾರು ಪೆಟ್ಟಿಗೆ ತೆರೆದವರಿಗೂ ಬಂದಿಲ್ಲ. ನಿಮ್ಮ ಚಾಲನೆಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಒಂದನ್ನೂ ಕೊಳ್ಳಬೇಡಿ. ಹಣ ವಾಪಸು ಕೇಳುವ ಹಕ್ಕು ನಿಮಗಿದೆ, ನಿಮ್ಮ ಕೋರಿಕೆಯನ್ನು ಹಣಕಾಸು ವಿಭಾಗಕ್ಕೆ ಕಳಿಸಿದ್ದೇನೆ. ಕೊನೆಗೆ, "ಮೊದಲ ಸಲವೇ ನಿಮಗೆ ಇದನ್ನು ಹೇಳಬೇಕಿತ್ತು, ಹೇಳಲಿಲ್ಲ," ಎಂದು ಸೇರಿಸಿ ಕಳಿಸಿದಳು. ಆಮೇಲೆ ಆ ದಿನ ಬಂದ ಬೇರೆ ದೂರುಗಳಿಗೂ ಹಾಗೆಯೇ ಬರೆಯುತ್ತ ಹೋದಳು.

ಅಪ್ಪ ಅದನ್ನು ಊಟದ ಹೊತ್ತಿಗೆ ಮೆಲ್ಲಗೆ ಓದಿದ. "ಇವನ್ಯಾರೋ ನಿಜವಾದ ಮನುಷ್ಯ," ಎಂದ.

ತಿಂಗಳ ಕೊನೆ ಬರುವುದಕ್ಕೆ ಮೊದಲೇ ಒಂದು ಬೆಳಗ್ಗೆ ಮಗಳು ಹೋದ ದಾರಿಯಲ್ಲೇ ವಾಪಸು ಬಂದಳು. ಕೈಯಲ್ಲಿ ಚೀಲ, ಚೀಲದಲ್ಲಿ ಅವಳ ಕಾಫಿ ಬಟ್ಟಲು. ಅಪ್ಪ ಸೋಫಾದಲ್ಲಿ ಕೂತು ಕ್ಯಾರೆಟ್ ಹೆರೆಯುತ್ತಿದ್ದ.

"ಇಷ್ಟು ಬೇಗ ಯಾಕೆ?"

"ಕೆಲಸದಿಂದ ತೆಗೆದ್ರು."

"ಏನ್ ಮಾಡ್ದೆ?"

"ದೂರಿಗೆ ಸರಿಯಾದ ಉತ್ತರ ಬರ್ದೆ."

ಅಪ್ಪನ ಕೈ ನಿಂತಿತು. "ಆ ಎರಡನೇದು ನಿಂದಾ?"

"ಹೂಂ."

"ಮತ್ತೆ ಮೊದಲನೇದು?"

ಅವಳು ಹೌದೆಂದು ತಲೆಯಾಡಿಸಿದಳು.

"ನೀನೇ ಬರ್ದು, ನಾನು ಓದೋದನ್ನ ಎದುರಿಗೇ ಕೂತು ಕೇಳಿಸ್ಕೊಂಡೆಯಾ? ಸೂಪ್ ಕುಡ್ಕೊಂಡು?"

"ನೀನು ಅಮ್ಮನ ಕಾರ್ಡ್ ತೆಗೆದು, ಛೇ ಛೇ ಅಂದಿಲ್ವಾ? ಅದೇ ಊಟದಲ್ಲಿ?"

ಅಪ್ಪನ ಮುಖ ಕೆಂಪಾಯಿತು. ಏನೋ ಬೈಯಲು ಬಾಯಿ ತೆರೆದ. ಅಜ್ಜಿ ಒಳಗಿನಿಂದ ಕೂಗಿದಳು. "ಇಬ್ರೂ ಸರಿಯಾಗಿದ್ದೀರ, ಒಬ್ಬರ ಮೇಲೊಬ್ಬರು ಹಾಕ್ಕೋಬೇಡಿ. ಹಲ್ಲು ನೋಯ್ತಿರೋದು ನಿಮ್ಮಿಬ್ರದೂ ಅಲ್ಲ."

ಮಗಳು ಚೀಲ ಕೆಳಗಿಟ್ಟು, ಇನ್ನೊಂದು ಚಾಕು ತಂದು ಅವನೆದುರು ಕೂತಳು. ಇಬ್ಬರೂ ಸೇರಿ ಕ್ಯಾರೆಟ್ ಮುಗಿಸಿದರು.

ಕೊನೆಯ ಸಂಬಳ ಕೈಗೆ ಬಂದ ದಿನವೇ ಅವಳು ಅಮ್ಮನನ್ನು ಕರೆದುಕೊಂಡು ಹೋಗಿ ಹಲ್ಲು ತೆಗೆಸಿದಳು. ಹೊಸದು ಕೂರಿಸುವಷ್ಟು ಹಣ ಇರಲಿಲ್ಲ, ತೆಗೆಯುವಷ್ಟು ಇತ್ತು. ಅಮ್ಮ ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಸೋಫಾದ ಮೇಲೆ ಕೂತಳು. ಸಂಜೆಯ ತನಕ ಮಾತಾಡಕೂಡದು ಎಂದಿದ್ದರು ವೈದ್ಯರು.

ಆಗಲೇ ಅಪ್ಪನ ಫೋನಿಗೆ ಕಂಪನಿಯ ಸಂದೇಶ ಬಂತು. ಕೋರಿಕೆ ಮಂಜೂರಾಗಿತ್ತು. ಅಪ್ಪ ಖುಷಿಯಿಂದ ಅರ್ಧ ಓದಿದವನು ನಿಲ್ಲಿಸಿಬಿಟ್ಟ. ಮಗಳು ಫೋನ್ ಕಸಿದುಕೊಂಡು ಓದಿದಳು. ಹಣದ ಬದಲಿಗೆ ಅಷ್ಟೇ ಬೆಲೆಯ ನಾಣ್ಯಗಳನ್ನು ಆಟದೊಳಗೇ ಹಾಕಿದ್ದರು.

"ನಾಣ್ಯ ಅಂದ್ರೆ? ಅಂಗಡೀಲಿ ನಡೆಯುತ್ತಾ?" ಎಂದಳು ಅಜ್ಜಿ.

"ಪೆಟ್ಟಿಗೆ ಕೊಳ್ಳಕ್ಕೆ ಮಾತ್ರ ಆಗುತ್ತೆ ಅಜ್ಜಿ."

ಅಪ್ಪ ಎದ್ದು ಯಂತ್ರದ ತಂತಿ ಕೀಳಲು ಹೋದ. ಅಮ್ಮ ಕೈಯೆತ್ತಿ ತಡೆದಳು. ಟಿವಿಯತ್ತ ಬೆರಳು ತೋರಿಸಿದಳು. ಹಾಕು ಎಂದು ಸನ್ನೆ ಮಾಡಿದಳು.

"ಬೇಡ ಕಣೇ."

ಅವಳು ಮತ್ತೆ ಬೆರಳು ತೋರಿಸಿದಳು. ಅವಳ ಕಣ್ಣು ನೋಡಿ ಅಪ್ಪ ಟಿವಿ ಹಾಕಿದ. ಮಗಳು ಪೆಟ್ಟಿಗೆ ತೆರೆಯುತ್ತ ಹೋದಳು. ಟೋಪಿ, ಚಕ್ರದ ಬಣ್ಣ, ಟೋಪಿ, ಬಾತುಕೋಳಿ. ಅವಳ ಬೆರಳು ಸೋತಾಗ ಅಜ್ಜಿ ಹಿಡಿಕೆ ತೆಗೆದುಕೊಂಡು, ಸಿಟ್ಟಿನಲ್ಲಿ ಗುಂಡಿಗೆ ಗುದ್ದುತ್ತಾ ಕೂತಳು. ನಾಣ್ಯ ಇನ್ನೇನು ಮುಗಿಯಬೇಕು ಅನ್ನುವಾಗ ಪರದೆಯ ತುಂಬ ಹೊಂಬಣ್ಣ ಸಿಡಿಯಿತು, ಕಹಳೆ ಊದಿತು. ಬೆಟ್ಟದ ದಾರಿ.

ಯಾರೂ ಕುಣಿಯಲಿಲ್ಲ. ಅಮ್ಮ ಓಡಿಸಿ ಎಂದು ಗಂಡನಿಗೆ ಸನ್ನೆ ಮಾಡಿದಳು.

ಅಪ್ಪ ಓಡಿಸಿದ. ಮಂಜು ಚೆನ್ನಾಗಿತ್ತು. ತಿರುವುಗಳೂ ಚೆನ್ನಾಗಿದ್ದವು. ಕೆಳಗೆ ಕಣಿವೆಯಲ್ಲಿ ಹೊಳೆಯೊಂದು ಮಿಂಚುತ್ತಿತ್ತು. ಅಪ್ಪನ ಭುಜ ನಿಧಾನವಾಗಿ ಸಡಿಲವಾಯಿತು. ಅವನು ಮೂರನೆಯ ತಿರುವು ದಾಟಿ ಸೇತುವೆಯ ಬಳಿ ಬಂದ. ಅಲ್ಲಿ ರಸ್ತೆಗೆ ಅಡ್ಡವಾಗಿ ಕಬ್ಬಿಣದ ಗೇಟು ಇತ್ತು, ಗೇಟಿನ ಮೇಲೆ ಬೀಗ. ಬೀಗದ ಕೆಳಗೆ ಅಕ್ಷರಗಳು ಮೂಡಿದವು: "ಸೇತುವೆಯ ಆಚೆಗಿನ ಅಚ್ಚರಿಗಾಗಿ ಬೆಳ್ಳಿ ಪೆಟ್ಟಿಗೆ ತೆರೆಯಿರಿ."

ಅಪ್ಪ ಹಿಂದಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಬಸ್ಸು ಗೇಟಿನ ಮುಂದೆ ಗುರುಗುಡುತ್ತ ನಿಂತೇ ಇತ್ತು.

ಅಮ್ಮ ಬಾಯಿಂದ ಹತ್ತಿ ತೆಗೆದು ಕರವಸ್ತ್ರದಲ್ಲಿ ಸುತ್ತಿದಳು. ತೊದಲು ನಾಲಗೆಯಲ್ಲಿ, ಒಂದೊಂದೇ ಪದವನ್ನು ಹುಡುಕಿ ಆಡಿದಳು.

"ನನ್ನ ಬಾಯಲ್ಲಿ ಇನ್ನೆಷ್ಟು ಹಲ್ಲು ಉಳಿದಿವೆ ಅಂತ ಎಣಿಸಿಟ್ಟಿದ್ದಾರೇನ್ರೀ ಅವರು?"